ಗುರಿ, ಪ್ರಯತ್ನ ಮತ್ತು ಅದೃಷ್ಟ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂತೋಷವೂ ಸಂಕೋಚವೂ ಒಟ್ಟಿಗೇ ಆದವು. ಹಾರೈಕೆಯ ಮಾತುಗಳನ್ನು ಬರೆಯುವ ಹಿರಿಯರು ಅನೇಕರಿದ್ದಾರೆ. ಆಯುಷ್ಯವೆಲ್ಲ ಪಾಠ ಹೇಳಿದ ನಾನು ಇಲ್ಲಿಯೂ ಒಂದು ಪಾಠವನ್ನೇ ಹೇಳುವುದು ಉಚಿತವೆಂದು ಭಾವಿಸುತ್ತೇನೆ.

ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗ ಕೆಲವರು, "ಗುರುಗಳೇ, ಅಂದುಕೊಂಡದ್ದು ಕೈಗೂಡಲಿಲ್ಲ, ನನಗೆ ಅದೃಷ್ಟವಿರಲಿಲ್ಲ" ಎನ್ನುತ್ತಾರೆ. ಮುಂದೆ ಬಂದವರಲ್ಲಿ ಕೆಲವರು, "ಅದೃಷ್ಟ ಗಿದೃಷ್ಟ ಏನೂ ಇಲ್ಲ, ಎಲ್ಲವೂ ನನ್ನ ದುಡಿಮೆಯ ಫಲ" ಎನ್ನುತ್ತಾರೆ. ಇವೆರಡೂ ಅರ್ಧ ಸತ್ಯಗಳೇ. 'ಅದೃಷ್ಟ' ಎಂಬ ಪದದ ಅರ್ಥ 'ಕಾಣದಿರುವುದು' ಎಂದಷ್ಟೇ. ಕಾಣದಿರುವುದು ಇಲ್ಲವೆಂದಲ್ಲ, ಅದು ಬರುವ ಹೊತ್ತು ನಮಗೆ ತಿಳಿಯದು, ಅಷ್ಟೆ.

ಇದನ್ನು ನಮ್ಮ ಧನ್ವಾಡದ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಯನ್ನೇ ನಂಬಿದ ಹೊಲ ನಮ್ಮದು. ಮೃಗಶಿರಾ ಮಳೆ ಯಾವ ದಿನ ಬೀಳುವುದೆಂದು ಬಲ್ಲವರಾರು? ಆದರೆ ಜಾಣ ರೈತನು ಮೋಡ ಕಾಣುವವರೆಗೆ ಕಟ್ಟೆಯ ಮೇಲೆ ಕುಳಿತಿರುವುದಿಲ್ಲ. ಬೇಸಿಗೆಯಲ್ಲಿಯೇ ಹೊಲವನ್ನು ಹರಗಿ, ಕಸ ಆಯ್ದು, ಬೀಜವನ್ನು ಕಟ್ಟಿಟ್ಟು, ಕೂರಿಗೆಯನ್ನು ಸರಿಪಡಿಸಿಕೊಂಡಿರುತ್ತಾನೆ. ಹದವಾದ ಮಳೆ ಬಿದ್ದ ಮರುದಿನ ಅವನು ಬಿತ್ತುತ್ತಾನೆ. ಸಿದ್ಧನಿಲ್ಲದವನು ಕೂರಿಗೆಯನ್ನು ಎರವಲು ಕೇಳುತ್ತ ಮನೆಮನೆ ತಿರುಗುತ್ತಾನೆ. ಮಳೆ ಇಬ್ಬರ ಹೊಲಕ್ಕೂ ಒಂದೇ ಬಗೆಯಾಗಿ ಬಿದ್ದಿತ್ತು ಎಂಬುದನ್ನು ಗಮನಿಸಬೇಕು.

ನಮ್ಮ ಗಡಿಭಾಗದ ಕನ್ನಡಿಗರ ಚರಿತ್ರೆಯೂ ಇದನ್ನೇ ಹೇಳುತ್ತದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜನೆಯಾಗಿ ರಾಯಚೂರು, ಕಲಬುರಗಿಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮ ಭಾಗ ಆಂಧ್ರ ಪ್ರದೇಶದಲ್ಲಿ ಉಳಿಯಿತು. 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಈ ಗೆರೆಗಳಾವುವೂ ನಮ್ಮನ್ನು ಕೇಳಿ ಎಳೆದವಲ್ಲ. ಮನೆಯ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸುವುದು ಮಾತ್ರ ನಮ್ಮ ಕೈಯಲ್ಲಿತ್ತು. ಅದನ್ನು ಮಾಡಿದುದರಿಂದಲೇ ಈ ಶಾಲೆ ಐವತ್ತು ವರ್ಷ ಬಾಳಿದೆ.

ಇನ್ನು ಕನ್ನಡ ನಾಡಿನ ಇನ್ನೊಂದು ಅಂಚಿನತ್ತ ದೃಷ್ಟಿ ಹರಿಸೋಣ. ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರು ಶಾಲೆಯ ಮುಖ ಕಂಡವರಲ್ಲ. ಒಂದು ದಿನ ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಉತ್ತರ ಹೇಳಲಾಗದೆ ಇವರು ನಾಚಿದರು. ತನ್ನ ಊರಾದ ನ್ಯೂಪಡ್ಪುವಿನ ಮಕ್ಕಳಿಗೆ ಈ ಗತಿ ಬರಬಾರದು, ಅಲ್ಲಿ ಒಂದು ಶಾಲೆಯಾಗಬೇಕು ಎಂಬ ಗುರಿ ಆಗ ಹುಟ್ಟಿತು. ಆ ಭೇಟಿ ಕೇವಲ ಆಕಸ್ಮಿಕ. ಅಂಥ ಪ್ರಶ್ನೆಯನ್ನು ಎಷ್ಟು ವ್ಯಾಪಾರಿಗಳು ಕೇಳಿ ಮರೆತಿರಲಿಕ್ಕಿಲ್ಲ! ಹಾಜಬ್ಬ ಅವರು ಮರೆಯಲಿಲ್ಲ. ಹಣ್ಣು ಮಾರಿದ ಗಳಿಕೆಯಲ್ಲಿ ಉಳಿಸಿದರು, ಕಚೇರಿಗಳಿಗೆ ಅಲೆದರು, ದಾನಿಗಳನ್ನು ಕೇಳಿದರು. ಕೊನೆಗೆ ಇಪ್ಪತ್ತೆಂಟು ಮಕ್ಕಳೊಂದಿಗೆ ಶಾಲೆ ಆರಂಭವಾಗಿ, ಮುಂದೆ ಪ್ರೌಢಶಾಲೆಯವರೆಗೆ ಬೆಳೆಯಿತು. ಪತ್ರಿಕೆಗಳ ಕಣ್ಣಿಗೆ ಬಿದ್ದುದು ಅವರ ಭಾಗ್ಯ. ಆದರೆ ಬರೆಯಲು ಬಂದವರಿಗೆ ಕಾಣಿಸಿದ್ದು ಬರಿಯ ಆಸೆಯಲ್ಲ, ನಡೆಯುತ್ತಿರುವ ಕೆಲಸ. ಬಂದ ಬಹುಮಾನದ ಹಣವನ್ನೂ ಅವರು ಶಾಲೆಗೇ ಹಾಕಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರ್ 8ರಂದು ರಾಷ್ಟ್ರಪತಿಗಳಿಂದ ಅವರು ಅದನ್ನು ಸ್ವೀಕರಿಸಿದರು.

ಪರರ ಕಥೆ ಹೇಳಿ ನನ್ನದನ್ನು ಮುಚ್ಚಿಡುವುದು ಶಿಕ್ಷಕನಿಗೆ ತಕ್ಕುದಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಕೆಲಸಕ್ಕೆ ಸೇರಿದ ನನಗೆ ಪದವೀಧರನಾಗಬೇಕೆಂಬ ಹಂಬಲವಿತ್ತು. ಹಂಬಲವನ್ನು ಎಲ್ಲರಿಗೂ ಹೇಳುತ್ತಿದ್ದೆ. ಪುಸ್ತಕವನ್ನು ಮಾತ್ರ ತೆರೆಯುತ್ತಿರಲಿಲ್ಲ. ಒಂದು ಸಂಜೆ ಗೆಳೆಯನೊಬ್ಬ ರಾಯಚೂರಿನಿಂದ ಬಂದು, ಖಾಸಗಿಯಾಗಿ ಪಿ.ಯು.ಸಿ. ಪರೀಕ್ಷೆಗೆ ಕಟ್ಟುವ ಎರಡು ಅರ್ಜಿಗಳನ್ನು ಚೀಲದಿಂದ ತೆಗೆದ. ಒಂದು ಅವನದು, ಒಂದು ನನ್ನದು. ತುಂಬಿಕೊಡಲು ಉಳಿದಿದ್ದುದು ಎರಡೇ ದಿನ. ಬೇಕಾದ ಕಾಗದಪತ್ರಗಳು ನನ್ನಲ್ಲಿ ಸಿದ್ಧವಿರಲಿಲ್ಲ. ಶುಲ್ಕದ ಹಣ ಕೂಡಿಟ್ಟಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಓದಿರಲಿಲ್ಲ. "ಮುಂದಿನ ವರ್ಷ ನೋಡೋಣ" ಎಂದೆ. ಆ ಮುಂದಿನ ವರ್ಷ ಬರಲೇ ಇಲ್ಲ. ಗೆಳೆಯ ಪದವೀಧರನಾದ. ನಾನು ಬಹುಕಾಲ ಹಣೆಬರಹವನ್ನು ದೂರಿದೆ. ಅದೃಷ್ಟ ನನ್ನ ಮನೆಯ ಬಾಗಿಲಿಗೇ ಬಂದು, ಚಹಾ ಕುಡಿದು ಎದ್ದು ಹೋಗಿತ್ತು ಎಂಬುದು ತಡವಾಗಿ ತಿಳಿಯಿತು. ಅಂದಿನಿಂದ ಏಳನೆಯ, ಹತ್ತನೆಯ ತರಗತಿಯ ಪ್ರತಿ ಮಗುವಿನ ಪ್ರಮಾಣಪತ್ರಗಳನ್ನೂ ಬೇಸಿಗೆಯಲ್ಲೇ ಸಿದ್ಧಮಾಡಿಸತೊಡಗಿದೆ. ನನ್ನ ಕಟ್ಟುನಿಟ್ಟಿಗೆ ಬೇಸರಗೊಂಡ ಪಾಲಕರಿಗೆ ಅದರ ಕಾರಣವನ್ನು ಇಂದು ಹೇಳಿದ್ದೇನೆ.

ಆದುದರಿಂದ ವಿದ್ಯಾರ್ಥಿಗಳು ಮೂರು ಮಾತುಗಳನ್ನು ನೆನಪಿಡಬೇಕು.

ಮೊದಲನೆಯದು, ಗುರಿ ಸ್ಪಷ್ಟವಾಗಿರಲಿ. 'ದೊಡ್ಡವನಾಗಬೇಕು' ಎಂಬುದು ಗುರಿಯಲ್ಲ. 'ನಮ್ಮೂರಲ್ಲಿ ಶಾಲೆಯಾಗಬೇಕು' ಎಂಬುದು ಗುರಿ.

ಎರಡನೆಯದು, ಇಂದಿನ ಪಾಲನ್ನು ಇಂದೇ ಮಾಡಿರಿ. ನಾರಾಯಣಪೇಟೆಯ ನೇಕಾರನನ್ನು ನೋಡಿರಿ: ಹಾಸು ಎಷ್ಟೇ ಉದ್ದವಿರಲಿ, ಹೊಕ್ಕು ಒಂದೊಂದೇ ಎಳೆಯಾಗಿ ಕೂಡಿ ಸೀರೆಯಾಗುತ್ತದೆ.

ಮೂರನೆಯದು, ಬಾಗಿಲು ತೆರೆದಿರಲಿ. ಹೊಸಬರೊಡನೆ ಮಾತನಾಡಿರಿ, ನಿಮ್ಮ ಗುರಿಯನ್ನು ಬಲ್ಲವರಿಗೆ ತಿಳಿಸಿರಿ, ತಿಳಿಯದುದನ್ನು ಕೇಳಲು ನಾಚದಿರಿ. ಸಹಾಯ ಎಣಿಸಿದ ದಿಕ್ಕಿನಿಂದಲೇ ಬರುವುದೆಂಬ ನಿಯಮವಿಲ್ಲ.

ಇಷ್ಟೆಲ್ಲ ಮಾಡಿಯೂ ಕೈಗೂಡದಿರಬಹುದೇ? ಖಂಡಿತ ಇರಬಹುದು. ಹರಗಿದ ಹೊಲಕ್ಕೂ ಕೆಲವು ವರ್ಷ ಮಳೆ ಬಾರದು. ಆದರೆ ಹರಗಿದ ಹೊಲ ಮುಂದಿನ ಮಳೆಗಾದರೂ ಸಿದ್ಧವಿರುತ್ತದೆ. ದುಡಿದವನಿಗೆ ಪಶ್ಚಾತ್ತಾಪದ ಭಾರವಿರುವುದಿಲ್ಲ. ಆ ಭಾರವೆಷ್ಟೆಂಬುದನ್ನು ನಾನು ಬಲ್ಲೆ.

ಹಳೆಯ ವಿದ್ಯಾರ್ಥಿಗಳಲ್ಲಿ ಕೊನೆಯದಾಗಿ ಒಂದು ಬಿನ್ನಹ. ನೀವು ಇಂದು ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದೀರಿ. ವರ್ಷಕ್ಕೊಮ್ಮೆ ಶಾಲೆಗೆ ಬಂದು ಒಂದು ಗಂಟೆ ಮಕ್ಕಳೊಡನೆ ಕುಳಿತುಕೊಳ್ಳಿರಿ. ಯಾವ ಪರೀಕ್ಷೆಯಿದೆ, ಯಾವ ಕೆಲಸವಿದೆ, ಯಾವ ದಾರಿಯಿದೆ ಎಂದು ಹೇಳಿರಿ. ಯಾವುದೋ ಮಗುವಿನ ಪಾಲಿಗೆ ನೀವೇ ಆ ಸಂಜೆ ಅರ್ಜಿ ತಂದ ಗೆಳೆಯನಾಗಬಹುದು. ಮಕ್ಕಳನ್ನು ಸಿದ್ಧಗೊಳಿಸುವ ಕೆಲಸವನ್ನು ಈ ಶಾಲೆ ಮುಂದೆಯೂ ಮಾಡುತ್ತಿರಲಿ, ಅದು ನೂರು ವರ್ಷ ಬಾಳಲಿ ಎಂದು ಹಾರೈಸುತ್ತೇನೆ.