ಚೀಲ ಅದೇ, ಒಳಗಿನ ಮಾಲು ಬೇರೆ

ಹೋದ ಬೇಸಿಗೆಯಲ್ಲಿ ನಮ್ಮಣ್ಣನ ಮಗ ಬೆಂಗಳೂರಿನಿಂದ ತನ್ನ ನಾಯಿಯನ್ನು ತಂದು ಎರಡು ತಿಂಗಳ ಮಟ್ಟಿಗೆ ನಮ್ಮ ಹೊಲದ ಮನೆಯಲ್ಲಿ ಬಿಟ್ಟುಹೋದ. "ಚಿಕ್ಕಪ್ಪಾ, ಇದಕ್ಕೆ ಮುದ್ದೆ ಗಿದ್ದೆ ಅಭ್ಯಾಸ ಇಲ್ಲ, ಈ ತಿಂಡೀನೇ ಹಾಕಿ" ಅಂತ ಒಂದು ಚೀಲ ಒಣ ತಿಂಡಿಯನ್ನೂ ಇಟ್ಟಿದ್ದ. ಅದು ಮುಗಿದಾಗ ಪೇಟೆಗೆ ಹೋಗಿ ಅದೇ ಹೆಸರಿನ, ಅದೇ ಬಣ್ಣದ ಚೀಲ ತಂದು ಹಾಕಿದೆ. ಮಾರನೇ ದಿನದಿಂದಲೇ ನಾಯಿಗೆ ಭೇದಿ ಶುರುವಾಯ್ತು.

ದನದ ಡಾಕ್ಟರನ್ನು ಕರೆಸಿದೆ. "ಮೇವಿನಲ್ಲಿ ಏನು ಬದಲಾಯಿಸಿದ್ರಿ?" ಅಂದರು. "ಏನೂ ಇಲ್ಲ ಸಾರ್, ಅದೇ ಚೀಲ" ಅಂದೆ. ಅವರು ಹಳೇ ಚೀಲ, ಹೊಸ ಚೀಲ ಎರಡನ್ನೂ ತರಿಸಿ ಬೆನ್ನು ತಿರುಗಿಸಿ ಓದಿದರು. ಮುಂದಿನ ಚಿತ್ರ ಎರಡರಲ್ಲೂ ಒಂದೇ. ಹಿಂದಿನ ಸಣ್ಣಕ್ಷರದಲ್ಲಿ ಮಾತ್ರ ವ್ಯತ್ಯಾಸ ಇತ್ತು. ಹಳೇದರಲ್ಲಿ ಮೊದಲ ಹೆಸರು ಅಕ್ಕಿ, ಹೊಸದರಲ್ಲಿ ಮುಸುಕಿನ ಜೋಳ. ಕೆಳಗೆಲ್ಲೋ ಇದ್ದ ಸೋಯಾ ಎರಡನೇ ಜಾಗಕ್ಕೆ ಬಂದಿತ್ತು. 'ಪ್ರೋಟೀನ್' ಅನ್ನುವ ಕಡೆ ಎರಡರಲ್ಲೂ ಅದೇ ಅಂಕಿ. ಮುಸುಕಿನ ಜೋಳವಾಗಲಿ ಸೋಯಾ ಆಗಲಿ ವಿಷವಲ್ಲ, ದಿಢೀರನೆ ಬದಲಾದದ್ದೇ ತೊಂದರೆ ಅಂತ ಡಾಕ್ಟರು ಹೇಳಿದರು. ಎರಡು ದಿನ ಮೆತ್ತಗೆ ಬೇಯಿಸಿದ ಅನ್ನ, ಸ್ವಲ್ಪ ಮೊಸರು ಕೊಟ್ಟು, ಆಮೇಲೆ ಹೊಸ ತಿಂಡಿಯನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬಂದೆ. ನಾಯಿ ಸುಧಾರಿಸಿತು.

ನಾಯಿ ತಿಂಡಿಯ ಕತೆ ರೈತರಿಗೆ ಯಾಕೆ ಅಂತ ಕೇಳಬಹುದು. ಒಂದು, ಅದರೊಳಗೆ ಹೋಗುವ ಮುಸುಕಿನ ಜೋಳ, ನುಚ್ಚಕ್ಕಿ, ಸೋಯಾ ಹಿಂಡಿ, ಬಟಾಣಿ ಎಲ್ಲಾ ನಮ್ಮಂಥವರು ಬೆಳೆಯುವುದೇ. ಎರಡು, ನಾವು ಡೈರಿಯಿಂದ ಹೊತ್ತು ತರುವ ಹಸುವಿನ ಫೀಡಿನ ಚೀಲದ ವಿಚಾರವೂ ಇದೇ. ಇಪ್ಪತ್ತು ವರ್ಷದಿಂದ ಫೀಡು ತರುತ್ತಿದ್ದೇನೆ. ಒಂದು ದಿನವೂ ಚೀಲದ ಬೆನ್ನು ಓದಿದವನಲ್ಲ. ನಾಯಿಯ ಭೇದಿ ಓದಿಸಿತು. ಡಾಕ್ಟರನ್ನು ಕೇಳಿ, ಅವರು ಕೊಟ್ಟ ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಒಣ ತಿಂಡಿ ಆಗೋದು ಹೇಗೆ?

1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಅನ್ನುವವನು ನಾಯಿಗಾಗಿ ಬಿಸ್ಕತ್ತು ಮಾಡಿ ಮಾರಲು ಶುರು ಮಾಡಿದ. ಗೋಧಿ ಹಿಟ್ಟು, ತರಕಾರಿ, ಮಾಂಸದ ಅಂಶ ಸೇರಿಸಿ ಸುಟ್ಟದ್ದು ಅದು. ಆಮೇಲೆ ಅಮೆರಿಕದಲ್ಲಿ ಡಬ್ಬಿಯಲ್ಲಿ ತುಂಬಿದ ಮಾಂಸದ ತಿಂಡಿ ಹೆಚ್ಚು ನಡೆಯಿತು. ಎರಡನೇ ಮಹಾಯುದ್ಧದಲ್ಲಿ ತಗಡಿಗೂ ಮಾಂಸಕ್ಕೂ ರೇಷನ್ ಬಂತು. ಡಬ್ಬಿ ಸಿಗದೆ ಕಂಪನಿಗಳು ಒಣ ತಿಂಡಿಗೆ ತಿರುಗಿದವು. ಈ ಮಾಲಿನಲ್ಲಿ ಆದ ದೊಡ್ಡ ಬದಲಾವಣೆಗಳಲ್ಲಿ ಇದೊಂದು. ನಾಯಿಗೆ ಒಳ್ಳೇದು ಅಂತ ಆದದ್ದಲ್ಲ, ತಗಡು ಇಲ್ಲ ಅಂತ ಆದದ್ದು.

ಈಗ ಕಾಣುವ ಉಬ್ಬಿದ ಗುಳಿಗೆ 1950ರ ದಶಕದ್ದು. ಬೆಳಗಿನ ತಿಂಡಿಗೆ ಧಾನ್ಯ ಉಬ್ಬಿಸುವ ಯಂತ್ರವನ್ನೇ ರಾಲ್ಸ್ಟನ್ ಪ್ಯೂರಿನಾ ಕಂಪನಿ ನಾಯಿ ತಿಂಡಿಗೆ ಬಳಸಿ, 1957ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಹಿಟ್ಟು, ಮಾಂಸದ ಪುಡಿ, ನೀರು ಕಲಸಿ, ಬಿಸಿಯಲ್ಲಿ ಒತ್ತಡ ಕೊಟ್ಟು, ಚಕ್ಕುಲಿ ಒರಳಿನಂಥ ತೂತಿನಿಂದ ಹೊರಗೆ ತಳ್ಳುತ್ತಾರೆ. ಹೊರಗೆ ಬಂದ ಕೂಡಲೇ ಒಳಗಿನ ನೀರು ಆವಿಯಾಗಿ ಗುಳಿಗೆ ಉಬ್ಬುತ್ತೆ. ಆಮೇಲೆ ಒಣಗಿಸಿ, ಮೇಲೆ ಕೊಬ್ಬು ಸಿಂಪಡಿಸುತ್ತಾರೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಗುಳಿಗೆ ಉಬ್ಬಿ ಗಟ್ಟಿಯಾಗಿ ನಿಲ್ಲಬೇಕಾದರೆ ಪಿಷ್ಟ ಬೇಕು. ಅದು ಧಾನ್ಯದಿಂದ ಬರಬೇಕು, ಇಲ್ಲವೇ ಬೇಳೆ, ಆಲೂಗಡ್ಡೆಯಿಂದ ಬರಬೇಕು. ಬರೀ ಮಾಂಸದಿಂದ ಈ ಗುಳಿಗೆ ಆಗೋದಿಲ್ಲ.

ಬದಲಾಯಿಸೋದು ಯಾಕೆ?

ಹೆಚ್ಚಾಗಿ ರೇಟಿಗೋಸ್ಕರ. ಇಷ್ಟು ಪ್ರೋಟೀನ್, ಇಷ್ಟು ಕೊಬ್ಬು, ಇಷ್ಟು ನಾರು ಬರಬೇಕು ಅಂತ ಕಂಪ್ಯೂಟರಿಗೆ ಕೊಟ್ಟರೆ, ಆವತ್ತಿನ ಮಾರುಕಟ್ಟೆ ದರದಲ್ಲಿ ಯಾವ ಮಿಶ್ರಣ ಅಗ್ಗ ಅಂತ ಅದು ಲೆಕ್ಕ ಹಾಕಿ ಕೊಡುತ್ತೆ. ಮುಸುಕಿನ ಜೋಳ ತುಟ್ಟಿಯಾದರೆ ನುಚ್ಚು, ನುಚ್ಚು ತುಟ್ಟಿಯಾದರೆ ಗೋಧಿ. ದನ, ಕೋಳಿ, ನಾಯಿ ಎಲ್ಲದರ ಆಹಾರದಲ್ಲೂ ಈ ಲೆಕ್ಕ ಉಂಟು. ಇದು ಮೋಸ ಅಲ್ಲ. ನಾವೂ ಹಿಂಡಿ ತುಟ್ಟಿಯಾದಾಗ ಬೂಸಾ ಜಾಸ್ತಿ ಹಾಕ್ತೀವಲ್ಲ.

ಕೆಲವು ಚೀಲದ ಮೇಲೆ 'ಧಾನ್ಯ ಮತ್ತು ಧಾನ್ಯದ ಉಪಉತ್ಪನ್ನ', 'ಮಾಂಸ ಮತ್ತು ಮಾಂಸದ ಉಪಉತ್ಪನ್ನ' ಅಂತ ಗುಂಪಿನ ಹೆಸರು ಮಾತ್ರ ಇರುತ್ತೆ. ಗುಂಪಿನ ಒಳಗೆ ಏನು ಬದಲಾದರೂ ಅಚ್ಚಾದ ಅಕ್ಷರ ಬದಲಾಗಬೇಕಿಲ್ಲ. 'ಅಕ್ಕಿ', 'ಕೋಳಿ' ಅಂತ ಬಿಡಿಸಿ ಬರೆದಿದ್ದರೆ ಮಾತ್ರ ಓದುವವನಿಗೆ ಬದಲಾವಣೆ ಗೊತ್ತಾಗುತ್ತೆ.

ಬದಲಾವಣೆಯಿಂದ ಒಳ್ಳೇದು ಆದದ್ದೂ ಉಂಟು. ಬೆಕ್ಕುಗಳ ಹೃದಯ ಹಿಗ್ಗಿ ಸಾಯುವ ರೋಗಕ್ಕೆ ಟಾರಿನ್ ಅನ್ನುವ ಪೋಷಕಾಂಶದ ಕೊರತೆ ಕಾರಣ ಅಂತ 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಸಂಶೋಧಕರು ತೋರಿಸಿದರು. ಕಂಪನಿಗಳು ಬೆಕ್ಕಿನ ತಿಂಡಿಗೆ ಟಾರಿನ್ ಹೆಚ್ಚಿಸಿದವು. ಆ ರೋಗ ಬಹಳ ಕಡಿಮೆಯಾಯ್ತು.

ಯೂರಿಯಾ ಲೆಕ್ಕದಲ್ಲಿ ಪ್ರೋಟೀನ್

ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನೇ ತೂಗೋದಿಲ್ಲ. ಮಾಲಿನಲ್ಲಿರುವ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಚೀಲದ ಮೇಲಿನ 'ಕಚ್ಚಾ ಪ್ರೋಟೀನ್' ಅಂದರೆ ಇದು. ನಮಗೆ ಗೊತ್ತಿರುವ ಲೆಕ್ಕದಲ್ಲೇ ನೋಡೋಣ. ಯೂರಿಯಾದಲ್ಲಿ ಸಾರಜನಕ 46%. ಅದನ್ನು 6.25ರಿಂದ ಗುಣಿಸಿದರೆ 287.5. ಅಂದರೆ ಒಂದು ಕೆಜಿ ಯೂರಿಯಾ ಬೆರೆಸಿದರೆ ಈ ಪರೀಕ್ಷೆಯಲ್ಲಿ 2 ಕೆಜಿ 875 ಗ್ರಾಂ ಪ್ರೋಟೀನ್ ಇದ್ದ ಹಾಗೆ ಕಾಣುತ್ತೆ! ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಮಿತಿಯಲ್ಲಿ ಕೊಟ್ಟ ಯೂರಿಯಾವನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. ಮಿತಿ ಮೀರಿದರೆ ಹಸುವೂ ಸಾಯುತ್ತೆ. ನಾಯಿಗೆ ಅಂಥ ಹೊಟ್ಟೆಯೇ ಇಲ್ಲ.

ಇದೇ ಸಂದಿಯಲ್ಲಿ 2007ರಲ್ಲಿ ದೊಡ್ಡ ಅನಾಹುತ ಆಯ್ತು. ಕೆನಡಾದ ಮೆನು ಫುಡ್ಸ್ ಅನ್ನುವ ಕಂಪನಿ ಆ ವರ್ಷ ಮಾರ್ಚಿಯಲ್ಲಿ 6 ಕೋಟಿಗೂ ಹೆಚ್ಚು ಡಬ್ಬಿ, ಪೊಟ್ಟಣಗಳ ನಾಯಿ-ಬೆಕ್ಕಿನ ತಿಂಡಿಯನ್ನು ವಾಪಸ್ ಕರೆಯಿತು. ಚೀನಾದಿಂದ ತರಿಸಿದ ಗೋಧಿಯ ಅಂಟಿನ ಪುಡಿಯಲ್ಲಿ ಮೆಲಮೈನ್ ಬೆರೆತಿತ್ತು. ಅದು ತಟ್ಟೆ, ಲೋಟ, ಹಲಗೆ ಮಾಡಲು ಬಳಸುವ ರಾಸಾಯನಿಕ. ಅದರಲ್ಲಿ ಸಾರಜನಕ 66%. ಒಂದು ಕೆಜಿ ಬೆರೆಸಿದರೆ ನಾಲ್ಕು ಕೆಜಿಗೂ ಹೆಚ್ಚು ಪ್ರೋಟೀನ್ ಅಂತ ಪರೀಕ್ಷೆ ಹೇಳುತ್ತೆ. ಮೆಲಮೈನೂ ಅದರ ಜೊತೆಯ ಸೈನ್ಯೂರಿಕ್ ಆಮ್ಲವೂ ಸೇರಿ ಮೂತ್ರಪಿಂಡದಲ್ಲಿ ಹರಳುಕಟ್ಟಿ ಸಾಕುಪ್ರಾಣಿಗಳು ಸತ್ತವು. ಮುಂದಿನ ತಿಂಗಳು ಅಕ್ಕಿಯ ಪ್ರೋಟೀನ್ ಪುಡಿಯಲ್ಲೂ ಅದೇ ಸಿಕ್ಕಿ, ಕೆಲವು ಒಣ ತಿಂಡಿಗಳೂ ವಾಪಸಾದವು. 2008ರಲ್ಲಿ ಚೀನಾದಲ್ಲಿ ಇದೇ ಮೆಲಮೈನನ್ನು ನೀರು ಬೆರೆಸಿದ ಹಾಲಿಗೆ ಹಾಕಿದ್ದರು. ಆ ಹಾಲಿನ ಪುಡಿಯಿಂದ ಆರು ಹಸುಗೂಸುಗಳು ಸತ್ತವು, ಲಕ್ಷಾಂತರ ಮಕ್ಕಳು ಕಾಯಿಲೆ ಬಿದ್ದರು.

ಅಂಕಿ ಸರಿಯಾಗಿದ್ದರೆ ಮಾಲು ಸರಿಯಾಗಿದೆ ಅಂತ ನಂಬಬಾರದು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಧಾನ್ಯ ಬಿಟ್ಟು ಬೇಳೆ ಹಾಕಿದಾಗ

ಆಮೇಲಿನ ವರ್ಷಗಳಲ್ಲಿ ಅಮೆರಿಕದಲ್ಲಿ 'ಧಾನ್ಯ ಇಲ್ಲದ' ತಿಂಡಿಗೆ ಬೇಡಿಕೆ ಏರಿತು. ನಾಯಿ ತೋಳದ ಜಾತಿ, ಅದಕ್ಕೆ ಧಾನ್ಯ ಆಗದು ಅನ್ನೋದು ಪ್ರಚಾರ. ಆದರೆ ತೋಳಕ್ಕಿಂತ ನಾಯಿಗೆ ಪಿಷ್ಟ ಜೀರ್ಣಿಸುವ ಶಕ್ತಿ ಹೆಚ್ಚು ಅಂತ 2013ರಲ್ಲಿ ಸ್ವೀಡನ್ನಿನ ಸಂಶೋಧಕರು ವಂಶವಾಹಿ ಪರೀಕ್ಷಿಸಿ ತೋರಿಸಿದ್ದಾರೆ. ಮನುಷ್ಯನ ಅನ್ನ ತಿಂದೇ ಅದು ನಾಯಿ ಆದದ್ದು. ನಮ್ಮೂರ ನಾಯಿಗಳು ತಲೆತಲಾಂತರದಿಂದ ಮುದ್ದೆ ತಿಂದೇ ಬದುಕಿವೆ.

ಧಾನ್ಯ ತೆಗೆದರೂ ಗುಳಿಗೆ ಉಬ್ಬಲು ಪಿಷ್ಟ ಬೇಕಲ್ಲ? ಆ ಜಾಗಕ್ಕೆ ಬಟಾಣಿ, ಮಸೂರ, ಕಡಲೆ, ಆಲೂಗಡ್ಡೆ ಬಂದವು. 2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಇಂಥ ತಿಂಡಿ ತಿಂದ ನಾಯಿಗಳಲ್ಲಿ ಹೃದಯ ಹಿಗ್ಗುವ ರೋಗದ ದೂರು ಬರುತ್ತಿವೆ ಅಂತ ಎಚ್ಚರಿಸಿತು. 2014ರಿಂದ 2019ರ ಏಪ್ರಿಲ್ ತನಕ ನಾಯಿಗಳ ಬಗ್ಗೆ 515 ವರದಿ ಬಂದಿದ್ದವು. ಅವು ತಿನ್ನುತ್ತಿದ್ದ ತಿಂಡಿಗಳಲ್ಲಿ 90%ಕ್ಕೂ ಹೆಚ್ಚು ಧಾನ್ಯ ಇಲ್ಲದವು. 93%ರಲ್ಲಿ ಬಟಾಣಿ ಅಥವಾ ಮಸೂರ ಇತ್ತು. ಬೇಳೆಯೇ ಕಾರಣ ಅಂತ ಮಾತ್ರ ಸಾಬೀತಾಗಲಿಲ್ಲ. ಕಾರಣ ತೀರ್ಮಾನಿಸಲು ಈ ಮಾಹಿತಿ ಸಾಲದು ಅಂತ 2022ರ ಡಿಸೆಂಬರಿನಲ್ಲಿ ಇಲಾಖೆಯೇ ಹೇಳಿತು.

ಹಾಗಂತ ನಮ್ಮ ಬೇಳೆ ಕೆಟ್ಟದ್ದು ಅಂತ ತಿಳಿಯಬೇಡಿ. ಬೇಳೆಯಲ್ಲಿ ಮೆಥಿಯೊನಿನ್ ಅನ್ನುವ ಅಂಶ ಕಡಿಮೆ, ಧಾನ್ಯದಲ್ಲಿ ಲೈಸಿನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ರಾಗಿಯಲ್ಲಿ ಮೆಥಿಯೊನಿನ್ ಚೆನ್ನಾಗಿದೆ, ಹುರುಳಿಯಲ್ಲಿ ಲೈಸಿನ್ ಇದೆ. ಮುದ್ದೆ, ಹುರುಳಿ ಸಾರಿನ ಜೋಡಿಯಲ್ಲಿ ಈ ಲೆಕ್ಕವೇ ಇದೆ. ಒಂದನ್ನು ಪೂರ್ತಿ ತೆಗೆದು ಇನ್ನೊಂದನ್ನೇ ತುಂಬುವಾಗ ಏನು ತಪ್ಪಿಹೋಯ್ತು ಅಂತ ನೋಡಬೇಕು.

ಹೆಸರು ಬದಲಾಗದೆ ಮಾಲು ಕೆಡೋದೂ ಉಂಟು. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಇದ್ದ ಒಣ ತಿಂಡಿ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಯಾಯ್ತು. ಸರಿಯಾಗಿ ಒಣಗದ ಮುಸುಕಿನ ಜೋಳ, ಕಡಲೇಕಾಯಿಯಲ್ಲಿ ಬರುವ ವಿಷ ಇದು. ಅದನ್ನು ತಿಂದ ಹಸುವಿನ ಹಾಲಿಗೂ ಇದರ ಅಂಶ ಇಳಿಯುತ್ತೆ. ಒಣಗಿಸೋದು ನಮ್ಮ ಕಣದ ಕೆಲಸ, ಆದ್ದರಿಂದ ಈ ಜವಾಬ್ದಾರಿಯಲ್ಲಿ ನಮಗೂ ಪಾಲಿದೆ.

ಚೀಲ ಓದುವ ಕ್ರಮ

1. ಪದಾರ್ಥಗಳ ಪಟ್ಟಿ ಸಾಮಾನ್ಯವಾಗಿ ತೂಕದ ಪ್ರಕಾರ ಇರುತ್ತೆ. ಹೆಚ್ಚು ಇರೋದು ಮೊದಲು. ಮೊದಲ ಐದು ಹೆಸರು ಮುಖ್ಯ.

2. ಈ ತೂಕ ಬೇಯಿಸುವ ಮುಂಚಿನದು. ಹಸಿ ಕೋಳಿಮಾಂಸದಲ್ಲಿ ಸುಮಾರು 70% ನೀರು. 'ಕೋಳಿ' ಮೊದಲಿದ್ದರೂ, 10 ಕೆಜಿ ಒಣಗಿದರೆ 3 ಕೆಜಿಯಷ್ಟೇ.

3. ಒಂದೇ ಪದಾರ್ಥ ಮೂರು ಹೆಸರಿನಲ್ಲಿ ಇದೆಯೇ ನೋಡಿ. ಬಟಾಣಿ, ಬಟಾಣಿ ಪ್ರೋಟೀನ್, ಬಟಾಣಿ ನಾರು ಬೇರೆಬೇರೆ ಬರೆದರೆ ಪ್ರತಿಯೊಂದೂ ಕೆಳಗೆ ಹೋಗುತ್ತೆ. ಕೂಡಿಸಿದರೆ ಕೋಳಿಗಿಂತ ಜಾಸ್ತಿ ಆಗಿರಬಹುದು.

4. ಹೊಸ ಚೀಲ ತಂದಾಗ ಹಳೇ ಚೀಲದ ಪಟ್ಟಿ ಪಕ್ಕದಲ್ಲಿಟ್ಟು ನೋಡಿ. ಇಂಗ್ಲೀಷು ಬಾರದಿದ್ದರೆ ಮನೆಯ ಮಕ್ಕಳ ಕೈಲಿ ಓದಿಸಿ. ನಾನು ಈಗ ಹಾಗೇ ಮಾಡ್ತಿರೋದು.

5. ಪಟ್ಟಿ ಬದಲಾಗಿದ್ದರೆ ಏಳರಿಂದ ಹತ್ತು ದಿನದಲ್ಲಿ ಹಳೇದಕ್ಕೆ ಹೊಸದು ಬೆರೆಸುತ್ತಾ ಬನ್ನಿ. ಮೊದಲು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಇದಕ್ಕಾಗಿ ಹಳೇ ಚೀಲ ತಳ ಕಾಣುವ ಮುಂಚೆಯೇ ಹೊಸದು ತರಬೇಕು.

ಹಸುವಿನ ಫೀಡಿಗೂ ಇದೇ ಕ್ರಮ ಹಿಡಿದಿದ್ದೇನೆ. ಚೀಲ ಬಿಚ್ಚಿದ ದಿನ ಒಂದು ಹಿಡಿ ಫೀಡನ್ನು ಮುಚ್ಚಳದ ಡಬ್ಬಿಗೆ ಹಾಕಿ, ಚೀಲದ ಬ್ಯಾಚ್ ನಂಬರು, ತಾರೀಖು ಬರೆದ ಚೀಟಿ ಅಂಟಿಸ್ತೀನಿ. ಆ ಚೀಲ ಮುಗಿದು ಹದಿನೈದು ದಿನ ಆಗೋ ತನಕ ಡಬ್ಬಿ ಇರುತ್ತೆ. ಮುಗ್ಗಲು ವಾಸನೆ ಬಂದರೆ, ಗಂಟು ಕಟ್ಟಿದ್ದರೆ ಹಾಕೋದಿಲ್ಲ. ಹಾಲಿನ ಅಳತೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೀತೀನಿ. ಮೊದಲು ಹಾಲು ಕಡಿಮೆಯಾದಾಗ ಹಸುವನ್ನು ಬೈಯ್ತಿದ್ದೆ, ಮಳೆಯನ್ನು ಬೈಯ್ತಿದ್ದೆ. ಈಗ ಮೊದಲು ಚೀಲದ ಬೆನ್ನು ನೋಡ್ತೀನಿ.

ಹೋದ ತಿಂಗಳು ನಮ್ಮ ಡೈರಿ ಸಭೆಯಲ್ಲಿ ಒಂದು ಮಾತು ಕೇಳಿದೆ. ಫೀಡಿನಲ್ಲಿ ಪದಾರ್ಥ ಬದಲಾದರೆ ನೋಟೀಸು ಬೋರ್ಡಿನಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದು ಹಾಕಿ ಅಂತ. ಸೆಕ್ರೆಟರಿ "ಮೇಲಿನವರನ್ನು ಕೇಳ್ತೀನಿ" ಅಂದಿದ್ದಾರೆ. ಓದುಗರೂ ತಮ್ಮ ತಮ್ಮ ಡೈರಿಯಲ್ಲಿ ಇದನ್ನು ಕೇಳಿ ನೋಡಿ. ಬರೆಯುವ ಪದ್ಧತಿ ಯಾರ ಊರಿನಲ್ಲಾದರೂ ಈಗಾಗಲೇ ಇದ್ದರೆ ಪತ್ರಿಕೆಗೆ ಬರೆದು ತಿಳಿಸಿ. ನಮ್ಮ ಸೆಕ್ರೆಟರಿಗೆ ತೋರಿಸೋಕೆ ಆಗುತ್ತೆ.