ಎರರ್ ಮೆಸೇಜ್ ಓದುವುದು ಹೇಗೆ?

ಪ್ರಾಯೋಗಿಕ ಪರೀಕ್ಷೆಯಲ್ಲಿ ಸಿ++ ಪ್ರೋಗ್ರಾಂ ಕಂಪೈಲ್ ಮಾಡಿದಾಗ ಹತ್ತಾರು ದೋಷಗಳು ಕಂಡರೆ ಗಾಬರಿಯಾಗಿ ಎಲ್ಲವನ್ನೂ ಅಳಿಸಬೇಡಿ. ಜಿಸಿಸಿ ಕಂಪೈಲರ್ ದೋಷವನ್ನು ಒಂದು ಕ್ರಮದಲ್ಲಿ ತಿಳಿಸುತ್ತದೆ: ಫೈಲಿನ ಹೆಸರು, ಸಾಲು, ಕಾಲಂ, ನಂತರ ವಿವರ. ‘8:5’ ಎಂದರೆ 8ನೇ ಸಾಲಿನ 5ನೇ ಕಾಲಂ.

ಆದರೆ ಅದು ದೋಷ ಪತ್ತೆಯಾದ ಜಾಗ. ತಪ್ಪು ಅದಕ್ಕೂ ಮೊದಲೇ ಆಗಿರಬಹುದು. ಗುಂಬಜ್‌ನಲ್ಲಿ ಇಳಿಯಲು ಮರೆತವರಿಗೆ ಸಂಗಮ ಬಂದಾಗಲೇ ಅಲ್ಲವೇ ಗೊತ್ತಾಗುವುದು? ಹಾಗೆಯೇ 7ನೇ ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಬಿಟ್ಟರೆ ಕೆಲವು ಕಂಪೈಲರ್‌ಗಳು 8ನೇ ಸಾಲನ್ನು ತೋರಿಸುತ್ತವೆ. ಹಿಂದಿನ ಸಾಲನ್ನೂ ನೋಡಿ.

ಮೊದಲ ದೋಷವನ್ನಷ್ಟೇ ತಿದ್ದಿ, ಮತ್ತೆ ಕಂಪೈಲ್ ಮಾಡಿ. ಒಂದು ಆವರಣ ಚಿಹ್ನೆ ಮುಚ್ಚದಿದ್ದರೂ ಹಲವು ದೋಷಗಳು ಹುಟ್ಟಬಹುದು. ಮೂಲ ಸರಿಯಾದರೆ ಅದರಿಂದ ಹುಟ್ಟಿದವು ತಾವಾಗಿಯೇ ಹೋಗುತ್ತವೆ, ಸಮಯವೂ ಉಳಿಯುತ್ತದೆ.