ಕಾನೂನು ಪ್ರವೇಶ ಪರೀಕ್ಷೆ: ತರ್ಕದ ಪ್ರಶ್ನೆಗೆ ಉತ್ತರಿಸುವುದು ಹೇಗೆ?



ಪಿಯುಸಿ ಮುಗಿಸಿ ವಕೀಲರಾಗಬೇಕು ಎನ್ನುವ ಮಕ್ಕಳು ಈಗ ನಮ್ಮ ಸ್ವಸಹಾಯ ಸಂಘದ ಮನೆಗಳಲ್ಲೂ ಇದ್ದಾರೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಂತಹ ಕಡೆ ಐದು ವರ್ಷದ ಪದವಿಗೆ ಸೇರಲು 'ಕ್ಲಾಟ್' ಪರೀಕ್ಷೆ ಬರೆಯಬೇಕು. 2 ಗಂಟೆ, 120 ಪ್ರಶ್ನೆ, ಇಂಗ್ಲಿಷಿನಲ್ಲಿ ಮಾತ್ರ. ಸುಮಾರು ಐದನೇ ಒಂದು ಭಾಗ ತರ್ಕದ ಪ್ರಶ್ನೆಗಳು. 2020ರಿಂದ ಒಂದು ಪಠ್ಯಭಾಗ ಕೊಟ್ಟು ಅದರ ಕೆಳಗೆ ಪ್ರಶ್ನೆ ಕೇಳುವ ಕ್ರಮ ಬಂದಿದೆ.

ಇಲ್ಲಿ ನಮ್ಮ ಮಕ್ಕಳು ಎಡವುವುದು ಬುದ್ಧಿ ಕಡಿಮೆಯಾಗಿ ಅಲ್ಲ. ಬದುಕಿನಲ್ಲಿ ಕಂಡದ್ದನ್ನೆಲ್ಲ ಉತ್ತರಕ್ಕೆ ಸೇರಿಸಿಬಿಡುತ್ತಾರೆ. ಪರೀಕ್ಷೆ ಕೇಳುವುದು ಯಾವುದು ಸತ್ಯ ಎಂದಲ್ಲ, ಬರೆದಿರುವ ಮಾತಿನಿಂದ ಏನು ಹೊರಡುತ್ತದೆ ಎಂದು. ಅಷ್ಟೇ.

ಒಂದು ಉದಾಹರಣೆ ನೋಡೋಣ. "ಒಂದು ಊರಿನಲ್ಲಿ ಮದ್ಯದಂಗಡಿ ಮುಚ್ಚಿತು. ಮುಂದಿನ 6 ತಿಂಗಳಲ್ಲಿ ಮಹಿಳಾ ಸಂಘದ ಉಳಿತಾಯ ಹೆಚ್ಚಿತು. ಆದ್ದರಿಂದ ಅಂಗಡಿ ಮುಚ್ಚಿದ್ದೇ ಇದಕ್ಕೆ ಕಾರಣ."

ಮೊದಲು ತೀರ್ಮಾನ ಯಾವುದೆಂದು ಹುಡುಕಿ. ಯಾವ ವಾಕ್ಯಕ್ಕೆ "ಯಾಕೆ?" ಎಂದು ಕೇಳಿದರೆ ಉಳಿದ ವಾಕ್ಯಗಳು ಉತ್ತರ ಕೊಡುತ್ತವೋ ಅದೇ ತೀರ್ಮಾನ. ಇಲ್ಲಿ ಅದು ಮೂರನೆಯದು. ಈಗ ಪ್ರಶ್ನೆ: ಈ ವಾದವನ್ನು ಅತಿ ಹೆಚ್ಚು ದುರ್ಬಲಗೊಳಿಸುವುದು ಯಾವುದು?

ಅ) ಅಂಗಡಿ ಮಾಲೀಕನಿಗೆ ನಷ್ಟವಾಯಿತು.
ಆ) ಕುಡಿತದಿಂದ ಆರೋಗ್ಯ ಕೆಡುತ್ತದೆ.
ಇ) ಅಂಗಡಿ ತೆರೆದೇ ಇದ್ದ ಪಕ್ಕದ ಊರುಗಳಲ್ಲೂ ಉಳಿತಾಯ ಅಷ್ಟೇ ಏರಿತು.
ಈ) ಕೆಲವು ಗಂಡಸರು ಈಗಲೂ ಪೇಟೆಗೆ ಹೋಗಿ ಕುಡಿಯುತ್ತಾರೆ.

'ಆ' ನಿಜ, ಆದರೆ ಉಳಿತಾಯಕ್ಕೂ ಅದಕ್ಕೂ ಇಲ್ಲಿ ಸಂಬಂಧವಿಲ್ಲ. 'ಈ' ನಮ್ಮನ್ನು ಸೆಳೆಯುತ್ತದೆ, ಯಾಕೆಂದರೆ ನಾವು ಅದನ್ನು ದಿನಾ ನೋಡುತ್ತೇವೆ! ಆದರೆ "ಕೆಲವರು" ಎಂದರೆ ಇಬ್ಬರೂ ಆಗಬಹುದು, ಉಳಿದವರು ಬಿಟ್ಟಿರಬಹುದು. ಸರಿಯುತ್ತರ 'ಇ'. ಅಂಗಡಿ ಮುಚ್ಚದೆಯೂ ಉಳಿತಾಯ ಏರಿದೆ ಅಂದರೆ ಕಾರಣ ಬೇರೆ ಇರಬಹುದು. ಅಂಗಡಿ ಮುಚ್ಚಬೇಕೆಂದು ಹೋರಾಡಿದ ತಾಯಂದಿರ ಮಕ್ಕಳಿಗೆ ಈ ಉತ್ತರ ಗುರುತಿಸಲು ಮನಸ್ಸು ಬರುವುದಿಲ್ಲ. ವಾದವೊಂದು ದುರ್ಬಲ ಎಂದ ಮಾತ್ರಕ್ಕೆ ಹೋರಾಟ ತಪ್ಪು ಎಂದಾಗುವುದಿಲ್ಲ, ಧೈರ್ಯವಾಗಿ ಗುರುತಿಸಿ.

ವಾದದಲ್ಲಿ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಮಾತು ಯಾವುದು ಎಂದೂ ಕೇಳುತ್ತಾರೆ. ಆಗ ಆಯ್ಕೆಯನ್ನು ತಿರುಗಿಸಿ ಓದಿ. "ಉಳಿತಾಯ ಏರಿದ್ದು ಕೂಲಿ ಹೆಚ್ಚಾದ್ದರಿಂದ ಅಲ್ಲ" ಎಂಬ ಆಯ್ಕೆ ಇದೆ ಎನ್ನಿ. ತಿರುಗಿಸಿದರೆ "ಕೂಲಿ ಹೆಚ್ಚಾದ್ದರಿಂದಲೇ ಏರಿತು" ಎಂದಾಗುತ್ತದೆ. ವಾದ ಬಿದ್ದೇ ಹೋಯಿತು. ಹಾಗೆ ಬಿದ್ದರೆ ಅದೇ ಉತ್ತರ.

"ಮಾತ್ರ" ಎಂಬ ಪದ ಕಂಡಲ್ಲಿ ನಿಲ್ಲಿ. "ವಾರದ ಸಭೆಗೆ ತಪ್ಪದೆ ಬಂದವರಿಗೆ ಮಾತ್ರ ಸಾಲ" ಎಂಬ ನಿಯಮ ನಿಮ್ಮ ಅಮ್ಮನಿಗೆ ಗೊತ್ತು. ಸಾಲ ಸಿಕ್ಕವರೆಲ್ಲ ಸಭೆಗೆ ಬಂದವರೇ. ಆದರೆ ಸಭೆಗೆ ಬಂದವರಿಗೆಲ್ಲ ಸಾಲ ಸಿಗುತ್ತದೆಯೇ? ನಿಯಮ ಹಾಗೆ ಹೇಳಿಲ್ಲ.

ಇನ್ನು ಅಂಕದ ಲೆಕ್ಕ. ಸರಿಯುತ್ತರಕ್ಕೆ 1 ಅಂಕ, ತಪ್ಪಾದರೆ 0.25 ಕಡಿತ. ಖಾಲಿ ಬಿಟ್ಟರೆ ಏನೂ ಹೋಗುವುದಿಲ್ಲ. ಆದ್ದರಿಂದ ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೆ ಉಳಿದೆರಡರಲ್ಲಿ ಒಂದನ್ನು ಧೈರ್ಯದಿಂದ ಗುರುತಿಸಿ. ಓದುವುದೂ ಸೇರಿ ಒಂದು ಪ್ರಶ್ನೆಗೆ ಸಿಗುವುದು ಒಂದೇ ನಿಮಿಷ. ಹಾಗಾಗಿ ಕನ್ನಡ ಮಾಧ್ಯಮದವರು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ದಿನಕ್ಕೊಂದರಂತೆ ಗಡಿಯಾರ ಇಟ್ಟು ಓದಬೇಕು. ಓದಿ, ಲೇಖಕರ ತೀರ್ಮಾನವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಕನ್ನಡದಲ್ಲೇ ಆದರೂ ಸರಿ.